ಹಿಮನದಿಯ ಊರಿನವರು ಬದಲಿಸಿದ ಪ್ರಾರ್ಥನೆ

ಹಿಮ ಎಂಬುದೊಂದು ಈ ಜಗತ್ತಿನಲ್ಲಿದೆ ಎಂದು ನಾನು ಮೊದಲು ತಿಳಿದದ್ದು ಶಾಲೆಯ ಭೂಗೋಳ ಪುಸ್ತಕದಿಂದಲ್ಲ, ಜನಾಝಾ ನಮಾಝಿನ ದುಆದಿಂದ. ನಮ್ಮೂರಿನ ಮದ್ರಸದಲ್ಲಿ ಉಸ್ತಾದರು ಆ ದುಆವನ್ನು ನಮಗೆ ಬಾಯಿಪಾಠ ಮಾಡಿಸುತ್ತಿದ್ದರು. ಮೃತರ ಪಾಪಗಳನ್ನು ನೀರು, ಹಿಮ ಮತ್ತು ಆಲಿಕಲ್ಲಿನಿಂದ ತೊಳೆದು ಶುದ್ಧಗೊಳಿಸಬೇಕೆಂದು ಅಲ್ಲಾಹನಲ್ಲಿ ಬೇಡುವ ಭಾಗವೊಂದು ಅದರಲ್ಲಿದೆ. ಕರಾವಳಿಯಲ್ಲಿ ಹುಟ್ಟಿದ ನಮಗೆ ನೀರನ್ನು ಯಾರೂ ಪರಿಚಯಿಸಬೇಕಿರಲಿಲ್ಲ. ಆಲಿಕಲ್ಲನ್ನು ಒಂದೆರಡು ಸಲ ಅಂಗಳದಿಂದ ಹೆಕ್ಕಿ ಬಾಯಿಗೆ ಹಾಕಿಕೊಂಡಿದ್ದೆವು. ಆದರೆ ನಡುವಿನ ಆ 'ಸಲ್ಜ್' ಎಂಬ ಪದ? ನಾನು ಎದ್ದು ನಿಂತು ಅದರ ಅರ್ಥ ಕೇಳಿದೆ. ಉಸ್ತಾದರೂ ಹಿಮವನ್ನು ಕಂಡವರಲ್ಲ. ಸ್ವಲ್ಪ ಯೋಚಿಸಿ, "ಐಸ್‌ಕ್ಯಾಂಡಿಯವನ ಪೆಟ್ಟಿಗೆಯಲ್ಲಿರುತ್ತದಲ್ಲ, ಹೆಚ್ಚುಕಡಿಮೆ ಅದೇ. ಆದರೆ ಇದನ್ನು ಅಲ್ಲಾಹನು ಆಕಾಶದಿಂದ ಇಳಿಸುತ್ತಾನೆ" ಎಂದರು. ತರಗತಿ ನಕ್ಕಿತು. ಅವರೂ ನಕ್ಕರು.

ಮುಂದೆ ಉಪ್ಪ ತೀರಿಕೊಂಡಾಗ ಅದೇ ದುಆವನ್ನು ಅವರ ಮಯ್ಯಿತ್‌ನ ಮುಂದೆ ನಿಂತು ಹೇಳಿದೆ. ಆ ಬಳಿಕ ಎಷ್ಟು ಜನಾಝಾಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಬದುಕು ನನ್ನನ್ನು ಮರಳುಗಾಡಿಗೆ ಕೊಂಡೊಯ್ದಿತು. ಗಲ್ಫ್‌ನ ತೈಲ ಕಂಪೆನಿಯೊಂದರ ಉಗ್ರಾಣದಲ್ಲಿ 22 ವರ್ಷ ದುಡಿದೆ. ಬೇಸಿಗೆಯ ಮಧ್ಯಾಹ್ನ ಕಬ್ಬಿಣದ ಬಾಗಿಲಿಗೆ ಬರಿಗೈ ತಾಗಿಸಲಾಗದಂತಹ ಆ ನಾಡಿನಲ್ಲಿಯೂ ಸಹೋದ್ಯೋಗಿಗಳ ಜನಾಝಾದಲ್ಲಿ ಅದೇ ಪದವನ್ನು ಉಚ್ಚರಿಸಿದೆ. ಅರವತ್ತು ದಾಟುವವರೆಗೂ ನಾನು ಹಿಮವನ್ನು ಕಣ್ಣಾರೆ ಕಂಡಿರಲಿಲ್ಲ.

2025ರ ಆಗಸ್ಟ್ ತಿಂಗಳಲ್ಲಿ ಆ ಅವಕಾಶ ಒದಗಿತು. ನನ್ನ ಮಗಳು ಮತ್ತು ಅಳಿಯ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನೆಲೆಸಿದ್ದಾರೆ. ಒಂಬತ್ತು ವರ್ಷದ ಮೊಮ್ಮಗಳು ಫೋನಿನಲ್ಲಿ ಪ್ರತಿ ಸಲವೂ, "ಅಜ್ಜ, ನೀವು ಬೇಗ ಬನ್ನಿ, ಹಿಮನದಿ ಕರಗಿ ಮುಗಿಯುವ ಮುಂಚೆ ತೋರಿಸುತ್ತೇನೆ" ಎನ್ನುತ್ತಿದ್ದಳು. ಅದನ್ನು ಮಕ್ಕಳ ಮಾತೆಂದು ನಾವು ತಮಾಷೆ ಮಾಡುತ್ತಿದ್ದೆವು. ಅವಳು ತಮಾಷೆ ಮಾಡುತ್ತಿರಲಿಲ್ಲವೆಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ.

ಬರ್ನ್‌ನಿಂದ ಹೊರಟ ರೈಲು ಸುಮಾರು 35 ಕಿಲೋಮೀಟರ್ ಉದ್ದದ ಸುರಂಗವೊಂದರಲ್ಲಿ ಪರ್ವತಗಳ ಒಡಲನ್ನು ದಾಟಿ ರೋನ್ ನದಿಯ ಕಣಿವೆಗೆ ಇಳಿಯುತ್ತದೆ. ಬ್ರಿಗ್ ಎಂಬ ಪಟ್ಟಣದಲ್ಲಿ ಬೇರೊಂದು ಪುಟ್ಟ ಕೆಂಪು ರೈಲನ್ನು ಹತ್ತಿ ನಾವು ಫೀಶ್ ಎಂಬ ಹಳ್ಳಿಯಲ್ಲಿ ಇಳಿದೆವು. ಕಪ್ಪಾದ ಮರದ ಮನೆಗಳು, ಕಿಟಕಿಗಳಲ್ಲಿ ಕೆಂಪು ಹೂಗಳು, ನಡುವೆ ಒಂದು ಚರ್ಚು. ಅಲ್ಲಿಂದ ಎರಡು ಹಂತಗಳಲ್ಲಿ ಕೇಬಲ್ ಕಾರ್ ನಮ್ಮನ್ನು ಎಗ್ಗಿಸ್‌ಹಾರ್ನ್ ಎಂಬ ಬೆಟ್ಟದ ಮೇಲಕ್ಕೆ, ಸಮುದ್ರಮಟ್ಟದಿಂದ 2,800 ಮೀಟರಿಗೂ ಎತ್ತರಕ್ಕೆ ಒಯ್ದಿತು. ನಿಲ್ದಾಣದಿಂದ ಹೊರಬಂದು ಕಲ್ಲಿನ ದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟಿರಬಹುದು. ಮೊಮ್ಮಗಳು ನನ್ನ ಕೈ ಜಗ್ಗಿ, "ಅಲ್ಲಿ!" ಎಂದಳು.

ಆಲ್ಪ್ಸ್ ಪರ್ವತಶ್ರೇಣಿಯ ಅತಿದೊಡ್ಡ ಹಿಮನದಿಯಾದ ಮಹಾ ಆಲೆಚ್ ನನ್ನ ಮುಂದಿತ್ತು. ಅದು ನದಿಯ ಹಾಗೆಯೇ ಇದೆ. ನದಿಯಂತೆ ತಿರುವು ತೆಗೆದುಕೊಂಡಿದೆ, ನದಿಯಂತೆ ದಡಗಳಿವೆ. ಅದರ ಮೈಯ ಉದ್ದಕ್ಕೂ ಎತ್ತಿನಗಾಡಿಯ ಚಕ್ರದ ಗುರುತುಗಳಂತೆ ಎರಡು ಕಪ್ಪು ಗೆರೆಗಳು ಸಾಗಿವೆ. ಪರ್ವತಗಳಿಂದ ಉದುರಿದ ಕಲ್ಲುಮಣ್ಣುಗಳನ್ನು ಹಿಮವು ಹೊತ್ತು ತರುವಾಗ ಮೂಡುವ ಗೆರೆಗಳವು. ಸುಮಾರು 20 ಕಿಲೋಮೀಟರ್ ಉದ್ದದ ಈ ಹಿಮರಾಶಿ ನಿಂತಲ್ಲೇ ನಿಂತಂತೆ ಕಂಡರೂ ಚಲಿಸುತ್ತಿದೆ. ಮೇಲ್ಭಾಗದಲ್ಲಿ ಅದು ವರ್ಷಕ್ಕೆ 150 ಮೀಟರಿಗೂ ಹೆಚ್ಚು ದೂರ ಸರಿಯುತ್ತದೆ. ಸುಬ್‌ಹಾನಲ್ಲಾಹ್ ಎಂಬ ಮಾತು ತಾನಾಗಿಯೇ ಹೊರಬಂತು. ಉಸ್ತಾದರ ಐಸ್‌ಕ್ಯಾಂಡಿಯ ಪೆಟ್ಟಿಗೆ ನೆನಪಾಯಿತು. ಅವರು ಬದುಕಿದ್ದಿದ್ದರೆ ಒಂದು ಚಿತ್ರ ತೆಗೆದು ಕಳುಹಿಸುತ್ತಿದ್ದೆ.

ಹಿಮನದಿಯೊಂದು ರೂಪುಗೊಳ್ಳುವ ಬಗೆಯನ್ನು ಅಳಿಯ ವಿವರಿಸಿದ. ನಾಲ್ಕು ಸಾವಿರ ಮೀಟರ್ ಎತ್ತರದ ಶಿಖರಗಳ ಮೇಲೆ ಚಳಿಗಾಲದಲ್ಲಿ ಬೀಳುವ ಹಿಮ ಬೇಸಿಗೆಯಲ್ಲಿ ಪೂರ್ತಿಯಾಗಿ ಕರಗುವುದಿಲ್ಲ. ಅದರ ಮೇಲೆ ಮರುವರ್ಷದ ಹಿಮ, ಅದರ ಮೇಲೆ ಇನ್ನೊಂದು ವರ್ಷದ್ದು. ಮೇಲಿನ ಭಾರಕ್ಕೆ ಕೆಳಗಿನ ಹಿಮ ಒತ್ತಿ ಒತ್ತಿ ಗಟ್ಟಿಯಾಗಿ ನೀಲಿ ಮಂಜುಗಡ್ಡೆಯಾಗುತ್ತದೆ. ತನ್ನದೇ ತೂಕದಿಂದ ನಿಧಾನವಾಗಿ ಇಳಿಯತೊಡಗುತ್ತದೆ. ಇಂತಹ ಮೂರು ದೊಡ್ಡ ಹಿಮಧಾರೆಗಳು ಕಾಂಕೋರ್ಡಿಯಾಪ್ಲಾಟ್ಸ್ ಎಂಬ ವಿಶಾಲ ಬಯಲಿನಲ್ಲಿ ಕೂಡಿ ಆಲೆಚ್ ಆಗುತ್ತದೆ. ಅಲ್ಲಿ ಮಂಜುಗಡ್ಡೆಯ ಆಳ ಸುಮಾರು 800 ಮೀಟರ್. ಆ ಮೂರು ಧಾರೆಗಳಲ್ಲೊಂದಕ್ಕೆ ಜರ್ಮನ್ ಭಾಷೆಯಲ್ಲಿರುವ ಹೆಸರಿನ ಅರ್ಥ 'ಶಾಶ್ವತ ಹಿಮದ ಬಯಲು' ಎಂದು. ಹೆಸರಿಟ್ಟ ಹಿರಿಯರಿಗೆ ಅದು ಶಾಶ್ವತವಾಗಿಯೇ ಕಂಡಿರಬೇಕು. ಅಲ್ಲಾಹನ ಹೊರತು ಯಾವುದೂ ಶಾಶ್ವತವಲ್ಲ ಎಂದು ನಾವು ಕಬರಸ್ತಾನದಲ್ಲಿ ಹೇಳಿಕೊಳ್ಳುತ್ತೇವೆ. ಪರ್ವತದಷ್ಟು ಮಂಜುಗಡ್ಡೆಯ ಮುಂದೆ ನಿಂತು ಅದನ್ನು ಹೇಳಿಕೊಳ್ಳಬೇಕಾದೀತೆಂದು ನಾನು ಎಣಿಸಿರಲಿಲ್ಲ.

ಏಕೆಂದರೆ ಅದು ಸಾಯುತ್ತಿದೆ. ಎದುರಿನ ದಡದ ಬಂಡೆಗಳಲ್ಲಿ ಸ್ಪಷ್ಟವಾದೊಂದು ರೇಖೆಯನ್ನು ಅಳಿಯ ತೋರಿಸಿದ. ರೇಖೆಯ ಮೇಲೆ ಹುಲ್ಲು, ಪಾಚಿ, ಹಳೆಯ ಬಂಡೆ. ಕೆಳಗೆ ಬೋಳಾದ, ಬಿಳುಚಿದ ಕಲ್ಲು. ಬೇಸಿಗೆಯಲ್ಲಿ ಕೆರೆಯ ನೀರಿಳಿದಾಗ ಕಟ್ಟೆಯ ಮೇಲೆ ಉಳಿಯುವ ಗುರುತಿನಂತೆ ಅದು ಕಂಡಿತು. ಸುಮಾರು 1860ರ ಹೊತ್ತಿಗೆ ಮಂಜುಗಡ್ಡೆ ಆ ರೇಖೆಯವರೆಗೆ ತುಂಬಿತ್ತು. ಅಂದಿನಿಂದ ಹಿಮನದಿಯ ತುದಿ 3 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಪರ್ವತಾರೋಹಿಗಳಿಗಾಗಿ ಕಾಂಕೋರ್ಡಿಯಾದ ಬಳಿ 1877ರಲ್ಲಿ ಕಟ್ಟಿದ ತಂಗುದಾಣವು ಆಗ ಮಂಜುಗಡ್ಡೆಯಿಂದ ಸುಮಾರು 50 ಮೀಟರ್ ಎತ್ತರದಲ್ಲಿತ್ತಂತೆ. ತಂಗುದಾಣ ಇದ್ದಲ್ಲೇ ಇದೆ. ಆದರೆ ಇಂದು ಹಿಮನದಿಯಿಂದ ಅಲ್ಲಿಗೇರಲು ಬಂಡೆಗೆ ಬಿಗಿದ ಕಬ್ಬಿಣದ ಏಣಿಯಲ್ಲಿ ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ನೆಲ ಕುಸಿದಂತೆ ಹಿಮ ಕುಸಿದಿದೆ.

ಕೆಳಗೆ ಬಂದು ಫೀಶ್‌ನ ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತಾಗ ಅಳಿಯ ಹೇಳಿದ ಕಥೆಯೇ ಈ ಲೇಖನಕ್ಕೆ ಕಾರಣ. ಅದು ಕಥೆಯಲ್ಲ, ದಾಖಲಾದ ಇತಿಹಾಸ.

ಹದಿನೇಳನೇ ಶತಮಾನದಲ್ಲಿ ಯುರೋಪಿನಲ್ಲಿ ಚಳಿ ಹೆಚ್ಚಾಗಿತ್ತು. ಆಲ್ಪ್ಸ್‌ನ ಹಿಮನದಿಗಳು ಬೆಳೆಯುತ್ತಾ ಹುಲ್ಲುಗಾವಲುಗಳನ್ನು ನುಂಗುತ್ತಿದ್ದವು. ಆಲೆಚ್‌ನ ಪಕ್ಕದಲ್ಲಿ ಮಂಜುಗಡ್ಡೆಯೇ ಅಣೆಕಟ್ಟಾಗಿ ನಿಂತು ಮೆರ್ಯೆಲೆನ್ ಎಂಬ ಸರೋವರ ಸೃಷ್ಟಿಯಾಗಿತ್ತು. ಅದು ಆಗಾಗ ಒಡೆದು ಕೆಳಗಿನ ಹಳ್ಳಿಗಳ ಮೇಲೆ ನುಗ್ಗುತ್ತಿತ್ತು. ದಿಕ್ಕೆಟ್ಟ ಫೀಶ್ ಮತ್ತು ಫೀಶರ್ಟಾಲ್ ಹಳ್ಳಿಗಳ ಜನರು 1678ರಲ್ಲಿ ತಮ್ಮ ದೇವರ ಮುಂದೆ ಒಂದು ಪ್ರತಿಜ್ಞೆ ಕೈಗೊಂಡರು. ಅದರಲ್ಲಿ ಎರಡು ಭಾಗಗಳಿದ್ದವು. ಒಂದು, ನಾವು ಸಚ್ಚಾರಿತ್ರ್ಯದಿಂದ ಬಾಳುತ್ತೇವೆ. ಎರಡು, ಹಿಮನದಿ ಬೆಳೆಯದಿರಲೆಂದು ಪ್ರಾರ್ಥಿಸುತ್ತೇವೆ. 1862ರಿಂದ ಇದಕ್ಕಾಗಿ ವರ್ಷಕ್ಕೊಮ್ಮೆ ಮೆರವಣಿಗೆಯೂ ಸೇರಿಕೊಂಡಿತು. ಮುಂಜಾನೆ ಎದ್ದು ಊರಿನವರೆಲ್ಲ ಕಾಡಿನ ಪ್ರಾರ್ಥನಾಲಯವೊಂದಕ್ಕೆ ನಡೆದು ಹೋಗುವುದು ಪದ್ಧತಿಯಾಯಿತು. ಅಜ್ಜನಿಂದ ಮೊಮ್ಮಗನಿಗೆ, ಅವನಿಂದ ಅವನ ಮೊಮ್ಮಗನಿಗೆ ಆ ಪ್ರಾರ್ಥನೆ ಹರಿದು ಬಂತು. ಹಿಮನದಿ ಹಿಂದೆ ಸರಿಯಿತು. ಸರಿಯುತ್ತಲೇ ಹೋಯಿತು.

2009ರಲ್ಲಿ ಆ ಊರುಗಳ ಜನ ತಮ್ಮ ಧರ್ಮಗುರುಗಳಾದ ಪೋಪ್ ಅವರಿಗೆ ಒಂದು ವಿಚಿತ್ರವಾದ ಮನವಿ ಸಲ್ಲಿಸಿದರು. ಹಿರಿಯರ ಪ್ರತಿಜ್ಞೆಯನ್ನು ತಾವಾಗಿಯೇ ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ಹಿಮನದಿ ಬೆಳೆಯದಿರಲಿ ಎಂಬ ಪ್ರಾರ್ಥನೆಯನ್ನು ಬಿಟ್ಟು, ಅದು ಕರಗದಿರಲಿ ಎಂದು ಪ್ರಾರ್ಥಿಸಲು ನಮಗೆ ಅನುಮತಿ ಬೇಕು ಎಂದು ಅವರು ಕೇಳಿಕೊಂಡರು. ಅನುಮತಿ ದೊರೆಯಿತು. 330 ವರ್ಷಗಳ ಪ್ರಾರ್ಥನೆ ತಲೆಕೆಳಗಾಯಿತು.

ಅವರ ವಿಶ್ವಾಸ ಬೇರೆ, ನಮ್ಮದು ಬೇರೆ. ಆದರೆ ಇದನ್ನು ಕೇಳಿದಾಗ ಮುಸ್ಲಿಮನೊಬ್ಬನಿಗೆ ಮದೀನಾದ ಮಸೀದಿ ನೆನಪಾಗದೆ ಇರದು. ಅನಸ್(ರ) ವರದಿ ಮಾಡಿರುವ ಆ ಘಟನೆ ಬುಖಾರಿಯಲ್ಲಿದೆ. ಪ್ರವಾದಿ ಮುಹಮ್ಮದ್(ಸ) ಶುಕ್ರವಾರದ ಖುತ್ಬಾ ನೀಡುತ್ತಿದ್ದಾಗ ಒಬ್ಬ ವ್ಯಕ್ತಿ ಒಳಬಂದು, ಜಾನುವಾರುಗಳು ಸಾಯುತ್ತಿವೆ, ಮಳೆಗಾಗಿ ಪ್ರಾರ್ಥಿಸಿರೆಂದು ಮೊರೆಯಿಟ್ಟರು. ಪ್ರವಾದಿ(ಸ) ಕೈಯೆತ್ತಿ ಬೇಡಿದರು. ಮೋಡವೇ ಇಲ್ಲದಿದ್ದ ಆಗಸದಲ್ಲಿ ಮೋಡ ಕವಿಯಿತು. ಆ ಮಳೆ ಮರು ಶುಕ್ರವಾರದವರೆಗೂ ನಿಲ್ಲಲಿಲ್ಲ. ಅಂದು ಮತ್ತೆ ಒಬ್ಬ ವ್ಯಕ್ತಿ ಅದೇ ಬಾಗಿಲಿನಿಂದ ಬಂದು, ಸೊತ್ತುಗಳೆಲ್ಲ ನಾಶವಾಗುತ್ತಿವೆ, ಮಳೆ ನಿಲ್ಲಲು ಪ್ರಾರ್ಥಿಸಿರೆಂದರು. ಪ್ರವಾದಿ(ಸ) ಮತ್ತೆ ಕೈಯೆತ್ತಿದರು. ಮಳೆಯು ನಮ್ಮ ಮೇಲಲ್ಲದೆ ಸುತ್ತಮುತ್ತಲಿನ ಗುಡ್ಡ ಕಣಿವೆಗಳಲ್ಲಿ, ಗಿಡಮರ ಬೆಳೆಯುವಲ್ಲಿ ಸುರಿಯಲೆಂದು ಬೇಡಿದರು. ಜನ ಬಿಸಿಲಲ್ಲಿ ಮನೆಗೆ ನಡೆದರು. ಒಂದೇ ವಾರದಲ್ಲಿ ಮನುಷ್ಯನ ಬೇಡಿಕೆ ಹೇಗೆ ತಿರುಗುಮುರುಗಾಗುತ್ತದೆ ಎಂಬುದನ್ನೂ, ಎರಡೂ ಸಲ ಅವನು ಹೋಗಬೇಕಾದ ಬಾಗಿಲು ಒಂದೇ ಎಂಬುದನ್ನೂ ಈ ಹದೀಸ್ ತಿಳಿಸುತ್ತದೆ. ಫೀಶ್‌ನಲ್ಲಿ ಆ ಒಂದು ವಾರಕ್ಕೆ ಮೂರು ಶತಮಾನ ಹಿಡಿಯಿತು.

ಆದರೆ ಒಂದು ವ್ಯತ್ಯಾಸವಿದೆ. ಮದೀನಾದ ಬರಗಾಲವನ್ನು ಮದೀನಾದವರು ತಂದಿರಲಿಲ್ಲ. ಆಲೆಚ್‌ನ ಕರಗುವಿಕೆಯ ಕಥೆ ಹಾಗಿಲ್ಲ. ಕಲ್ಲಿದ್ದಲು, ತೈಲ ಮತ್ತು ಅನಿಲಗಳನ್ನು ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಸುತ್ತ ಕಂಬಳಿಯಂತೆ ಹರಡಿ ಶಾಖವನ್ನು ಹಿಡಿದಿಡುತ್ತದೆ. ಸ್ವಿಟ್ಜರ್ಲೆಂಡ್ ಜಾಗತಿಕ ಸರಾಸರಿಯ ಸುಮಾರು ಎರಡು ಪಟ್ಟು ವೇಗದಲ್ಲಿ ಬಿಸಿಯೇರುತ್ತಿದೆ. 2022ರಲ್ಲಿ ಅಲ್ಲಿ ಚಳಿಗಾಲದ ಹಿಮ ಕಡಿಮೆ ಬಿತ್ತು. ಮಾರ್ಚ್‌ನಲ್ಲಿ ಸಹಾರಾ ಮರುಭೂಮಿಯ ಧೂಳು ಹಾರಿಬಂದು ಹಿಮದ ಮೇಲೆ ಕೂತು ಅದನ್ನು ಮಂಕಾಗಿಸಿತು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಮಂಕಾದ ಮೈ ಹೀರಿಕೊಳ್ಳುತ್ತದೆ. ಜೊತೆಗೆ ಬೇಸಿಗೆ ಸುಡುವಂತಿತ್ತು. ಆ ಒಂದೇ ವರ್ಷ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಶೇಕಡಾ 6ರಷ್ಟನ್ನು, ಮರುವರ್ಷ ಶೇಕಡಾ 4ರಷ್ಟನ್ನು ಕಳೆದುಕೊಂಡವು. 1960ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಕರಗಿದಷ್ಟು ಮಂಜುಗಡ್ಡೆ ಎರಡೇ ವರ್ಷಗಳಲ್ಲಿ ಕರಗಿಹೋಯಿತು. ಜಗತ್ತು ತಾಪಮಾನದ ಏರಿಕೆಯನ್ನು ಪ್ಯಾರಿಸ್ ಒಪ್ಪಂದದ ಮಿತಿಯೊಳಗೆ ತಡೆದರೂ ಈ ಶತಮಾನದ ಅಂತ್ಯಕ್ಕೆ ಆಲೆಚ್ ತನ್ನ ಅರ್ಧಕ್ಕೂ ಹೆಚ್ಚು ಭಾಗವನ್ನು ಕಳೆದುಕೊಳ್ಳಲಿದೆಯೆಂದು ಜ್ಯೂರಿಕ್‌ನ ವಿಜ್ಞಾನಿಗಳು 2019ರಲ್ಲಿ ಲೆಕ್ಕ ಹಾಕಿದ್ದಾರೆ. ಹೊಗೆಯುಗುಳುವುದು ಹೀಗೆಯೇ ಮುಂದುವರಿದರೆ ಅಲ್ಲಲ್ಲಿ ಒಂದೆರಡು ತುಣುಕು ಮಾತ್ರ ಉಳಿದೀತು. ನನ್ನ ಮೊಮ್ಮಗಳಿಗೆ ಆಗ 84 ವರ್ಷ.

ಹಿಮ ಹೋದರೆ ಹೋಗಲಿ, ಚಳಿ ದೇಶದವರ ಕಷ್ಟ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಕೇಳಿದೆ. ಯೂಸುಫ್(ಅ) ಅವರ ಚರಿತ್ರೆಯನ್ನು ನಾವೆಲ್ಲ ಬಲ್ಲೆವು. ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ಕೂಡಿಟ್ಟು ಬರಗಾಲದ ಏಳು ವರ್ಷಗಳಲ್ಲಿ ಜನರಿಗೆ ಉಣಿಸಿದ ಪ್ರವಾದಿ ಅವರು. ಹಿಮನದಿಯೂ ಅಲ್ಲಾಹನು ಬೆಟ್ಟದ ಮೇಲೆ ಕಟ್ಟಿದ ಅಂತಹದೇ ಕಣಜ. ಚಳಿಗಾಲದ ಹಿಮವನ್ನು ಅದು ಕೂಡಿಡುತ್ತದೆ. ಹೊಲಗಳಿಗೆ ನೀರು ಬೇಕಾದ ಬೇಸಿಗೆಯಲ್ಲಿ ಅಳತೆಯಿಂದ ಬಿಡುತ್ತದೆ. ಆಲೆಚ್‌ನ ನೀರು ಮಾಸ್ಸಾ ಎಂಬ ಹೊಳೆಯಾಗಿ ಇಳಿದು ರೋನ್ ನದಿಯನ್ನು ಸೇರುತ್ತದೆ, ಜಿನೀವಾ ಸರೋವರವನ್ನು ಹಾದು ಫ್ರಾನ್ಸಿನ ಮೂಲಕ ಮೆಡಿಟರೇನಿಯನ್ ಕಡಲಿಗೆ ತಲುಪುತ್ತದೆ. ಆ ಕಣಿವೆಯ ರೈತರು ಶತಮಾನಗಳ ಹಿಂದೆಯೇ ಬಂಡೆಯ ಮೈಗೆ ಮರದ ದೋಣಿಗಳನ್ನು ತೂಗುಹಾಕಿ ಹಿಮನದಿಯ ನೀರನ್ನು ಗದ್ದೆಗೆ ತಂದಿದ್ದರು. ಯಾರಿಗೆ ಎಷ್ಟು ಹೊತ್ತು ನೀರಿನ ಹಕ್ಕು ಎಂಬುದನ್ನು ಮರದ ಕೋಲುಗಳ ಮೇಲೆ ಗೀಟು ಕೆತ್ತಿ ಗುರುತಿಸುತ್ತಿದ್ದರು. ತನ್ನ ಪಾಲಿಗಿಂತ ಹೆಚ್ಚು ನೀರು ತೆಗೆದವನು ಕೆಳಗಿನವನ ಹಕ್ಕನ್ನು ಕದ್ದಂತೆ. ನಾವು ಈಗ ಕೆಳಗಿನವರ ಮಾತ್ರವಲ್ಲ, ಇನ್ನೂ ಹುಟ್ಟದವರ ಪಾಲನ್ನೂ ತೆಗೆಯುತ್ತಿದ್ದೇವೆ. ಇಂದು ಹೊಳೆಯಲ್ಲಿ ನೀರು ಧಾರಾಳವಾಗಿ ಹರಿಯುತ್ತಿದ್ದರೆ ಅದು ಸಮೃದ್ಧಿಯಲ್ಲ, ಬಿತ್ತನೆಯ ಧಾನ್ಯವನ್ನೇ ಕುಟ್ಟಿ ಉಣ್ಣುತ್ತಿರುವ ಮನೆಯ ಹೊಟ್ಟೆ ತುಂಬಿದಂತೆ.

ನಾವು ಹೋಗುವುದಕ್ಕೆ ಎರಡು ತಿಂಗಳು ಮುಂಚೆ, 2025ರ ಮೇ 28ರಂದು, ಅದೇ ಪ್ರಾಂತ್ಯದ ಬ್ಲಾಟನ್ ಎಂಬ ಹಳ್ಳಿಯ ಮೇಲೆ ಬೇರೊಂದು ಹಿಮನದಿ ಕುಸಿದುಬಿತ್ತು. ಬೆಟ್ಟದಿಂದ ಉರುಳಿದ ಬಂಡೆಗಳ ಭಾರಕ್ಕೆ ಹಿಮನದಿಯೇ ಒಡೆದು, ಕಲ್ಲು ಮಣ್ಣಿನೊಂದಿಗೆ ಕಣಿವೆಗೆ ನುಗ್ಗಿ, ಊರಿನ ಬಹುಭಾಗವನ್ನು ಮುಚ್ಚಿಹಾಕಿತು. ಕುಸಿತಕ್ಕೆ ಕಾರಣ ಹಲವು. ಆದರೆ ಎತ್ತರದ ಬೆಟ್ಟಗಳ ಬಂಡೆಗಳನ್ನು ಬೆಸೆದು ಹಿಡಿದಿದ್ದ ಮಂಜುಗಡ್ಡೆ ಬಿಸಿಯೇರಿ ಸಡಿಲವಾಗುತ್ತಿರುವುದಂತೂ ನಿಜ. ವಿಜ್ಞಾನಿಗಳು ಮುನ್ಸೂಚನೆ ನೀಡಿದ್ದರಿಂದ ಸುಮಾರು 300 ನಿವಾಸಿಗಳನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಆದರೂ ಒಬ್ಬರು ಪ್ರಾಣ ಕಳೆದುಕೊಂಡರು. ಆಲೆಚ್‌ನ ದಡದಲ್ಲಿಯೂ, ಮಂಜುಗಡ್ಡೆಯ ಆಸರೆ ತಪ್ಪಿದ ಇಳಿಜಾರೊಂದು 2016ರಿಂದ ವೇಗವಾಗಿ ಜಾರತೊಡಗಿದ್ದು, ಅಲ್ಲಿನ ಕೆಲವು ಕಾಲುದಾರಿಗಳನ್ನು ಮುಚ್ಚಬೇಕಾಯಿತು. ಹಿಮನದಿ ಬೆಳೆದು ಬರುತ್ತದೆಂದು ಹೆದರಿದ ಹಿರಿಯರ ಮೊಮ್ಮಕ್ಕಳು ಈಗ ಅದು ಇಲ್ಲವಾಗುತ್ತದೆಂದು ಹೆದರುತ್ತಿದ್ದಾರೆ.

ಅಂದು ಬೆಟ್ಟದ ಮೇಲಿದ್ದಾಗಲೇ ಝುಹರ್‌ನ ಸಮಯವಾಗಿತ್ತು. ಬಾಟಲಿಯ ನೀರಿನಲ್ಲಿ ವುಝೂ ಮಾಡಿ ಚಪ್ಪಟೆಯಾದ ಬಂಡೆಯೊಂದರ ಮೇಲೆ ಶಾಲು ಹಾಸಿದೆ. ಅಲ್ಲಿಂದ ಕಿಬ್ಲಾ ಆಗ್ನೇಯಕ್ಕೆ. ಹಾಗಾಗಿ ನನ್ನ ಮುಖ ಹಳ್ಳಿಗಳಿರುವ ಕಣಿವೆಯತ್ತ ಇತ್ತು, ಹಿಮನದಿ ಬೆನ್ನಿಗಿತ್ತು. ಸಲಾಮ್ ಹೇಳಿ ಕೈಯೆತ್ತಿದಾಗ ಮೊಮ್ಮಗಳು ಪಕ್ಕದಲ್ಲಿ ಬಂದು ಕುಳಿತಳು.

"ಅಜ್ಜ, ಇದು ಕರಗಬಾರದು ಅಂತ ದುಆ ಮಾಡಿದಿರಾ?"

"ಮಾಡಿದೆ ಮಗಳೇ."

"ಹಾಗಾದರೆ ಕರಗುವುದಿಲ್ಲವಾ?"

ಅಲ್ಲಾಹನು ಇಚ್ಛಿಸಿದರೆ ಎಂದೆ. ಅವಳು ತಲೆಯಾಡಿಸಿದಳು. ಬಳಿಕ ಸಹಜವಾಗಿಯೇ ಕೇಳಿದಳು: "ನೀವು ಮೊದಲು ಪೆಟ್ರೋಲಿನ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದಿರಲ್ಲ? ನಮ್ಮ ಟೀಚರ್ ಹೇಳಿದ್ದಾರೆ, ಪೆಟ್ರೋಲಿನಿಂದಲೇ ಇದು ಕರಗುವುದಂತೆ."

ಮಗಳು ಅವಳನ್ನು ಗದರಿದಳು. ನಾನು ತಡೆದೆ. ಮಗು ಸುಳ್ಳು ಹೇಳಿರಲಿಲ್ಲ.

ಆ ಪ್ರಶ್ನೆಯನ್ನು ನಾನು ಊರಿಗೂ ಹೊತ್ತು ತಂದೆ. ನನ್ನ ಮನೆಯ ಒಂದೊಂದು ಕಲ್ಲಿನಲ್ಲೂ ತೈಲದ ದುಡ್ಡಿದೆ. ಮಗಳ ವಿದ್ಯಾಭ್ಯಾಸ, ತಂಗಿಯಂದಿರ ಮದುವೆ, ಉಮ್ಮನ ಔಷಧ, ನಮ್ಮ ಮಸೀದಿಯ ಮೇಲಂತಸ್ತು, ಎಲ್ಲದರಲ್ಲೂ ಇದೆ. ಕರಾವಳಿಯ ನಮ್ಮಂತಹ ಸಾವಿರಾರು ಕುಟುಂಬಗಳ ಕಥೆ ಇದೇ. ಆ ದುಡಿಮೆ ತಪ್ಪಾಗಿತ್ತೆಂದು ನಾನು ಹೇಳಲಾರೆ. ಹಸಿದ ಮನೆಗೆ ಅಲ್ಲಾಹನು ತೆರೆದ ಹಲಾಲ್ ಬಾಗಿಲು ಅದಾಗಿತ್ತು. ತೈಲವನ್ನು ನಮಗಿಂತ ನೂರು ವರ್ಷ ಮುಂಚಿನಿಂದ, ನಮಗಿಂತ ಎಷ್ಟೋ ಪಟ್ಟು ಹೆಚ್ಚು ಸುಟ್ಟವರು ಶ್ರೀಮಂತ ದೇಶಗಳವರು ಎಂಬುದೂ ಸತ್ಯ. ಆದರೆ ಮಹ್ಶರದಲ್ಲಿ ಇನ್ನೊಬ್ಬರ ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಡುವುದಿಲ್ಲ. ಹಿಮನದಿ ನೋಡಲು ನಾನು ಹೋದದ್ದು ವಿಮಾನದಲ್ಲಿ. ಅದು ಕರಗದಿರಲೆಂದು ಕೈಯೆತ್ತಿದ್ದೂ ನಾನೇ, ಅದನ್ನು ಕರಗಿಸುವ ಹೊಗೆಯಲ್ಲಿ ಹಾರಿ ಬಂದವನೂ ನಾನೇ.

ಈ ಗೊಂದಲದಲ್ಲಿದ್ದಾಗ ಬಾಲ್ಯದ ಒಂದು ದಿನ ನೆನಪಾಯಿತು. ಮಳೆ ಕೈಕೊಟ್ಟ ವರ್ಷ. ಊರಿನವರೆಲ್ಲ ಬಿಸಿಲಲ್ಲಿ ಮೈದಾನದಲ್ಲಿ ಸೇರಿ ಇಸ್ತಿಸ್‌ಕಾ ನಮಾಝ್, ಅಂದರೆ ಮಳೆಗಾಗಿ ಬೇಡುವ ನಮಾಝ್, ನಿರ್ವಹಿಸಿದ್ದೆವು. ಖುತ್ಬಾದ ನಡುವೆ ಖತೀಬರು ತಾವು ಹೊದ್ದಿದ್ದ ಶಾಲನ್ನು ತಿರುವಿ ಹೊದ್ದುಕೊಂಡರು. ಉಪ್ಪನೂ ಹೆಗಲ ಮೇಲಿನ ಬೈರಾಸನ್ನು ತಿರುವಿ ಹಾಕಿಕೊಂಡರು. ಮನೆಗೆ ಮರಳುವಾಗ ಯಾಕೆಂದು ಕೇಳಿದೆ. "ಪ್ರವಾದಿಯವರ ಸುನ್ನತ್ ಅದು. ಪರಿಸ್ಥಿತಿಯನ್ನು ತಿರುಗಿಸು ಎಂದು ಅಲ್ಲಾಹನಲ್ಲಿ ಕೇಳುವವನು ಮೊದಲು ತಾನು ತಿರುಗಬೇಕು" ಎಂದರು ಉಪ್ಪ. ಅವರು ಹೆಚ್ಚು ಓದಿದವರಲ್ಲ. ಆದರೆ ಇಸ್ತಿಸ್‌ಕಾದ ನಮಾಝಿಗೆ ಹೊರಡುವ ಮುಂಚೆ ಜನರು ತೌಬಾ ಮಾಡಬೇಕು, ಇನ್ನೊಬ್ಬರಿಂದ ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸಬೇಕು, ದಾನ ನೀಡಬೇಕು ಎಂದು ನಮ್ಮ ಫಿಕ್ಹ್ ಗ್ರಂಥಗಳು ಹೇಳುವುದರ ಸಾರವನ್ನೇ ಅವರು ಒಂದು ಮಾತಿನಲ್ಲಿ ಹೇಳಿದ್ದರು. ಬೇಡುವ ಕೈ ಮೊದಲು ಕಸಿದದ್ದನ್ನು ಕೆಳಗಿಡಬೇಕು.

ಫೀಶ್‌ನವರ 1678ರ ಪ್ರತಿಜ್ಞೆಯ ಎರಡು ಭಾಗಗಳು ಆಗ ನನಗೆ ಅರ್ಥವಾದವು. 2009ರಲ್ಲಿ ಅವರು ತಿರುಗಿಸಲು ಕೇಳಿದ್ದು ಎರಡನೆಯ ಭಾಗವನ್ನು, ಅಂದರೆ ಬೇಡಿಕೆಯನ್ನು. ಸಚ್ಚಾರಿತ್ರ್ಯದಿಂದ ಬಾಳುತ್ತೇವೆ ಎಂಬ ಮೊದಲ ಭಾಗವನ್ನು ತಿರುಗಿಸುವ ಅಗತ್ಯವಿರಲಿಲ್ಲ. ಬೇಡಿಕೆ ಕಾಲಕ್ಕೆ ತಕ್ಕಂತೆ ಬದಲಾದೀತು, ಬಾಳಿನ ಪ್ರತಿಜ್ಞೆ ಬದಲಾಗದು. ಆದರೆ ಇಂದಿನ ದಿನ ಆ ಮೊದಲ ಭಾಗಕ್ಕೊಂದು ಹೊಸ ಅರ್ಥ ಬಂದಿದೆ. ಅಂದಿನ ಹಳ್ಳಿಗನಿಗೆ ಸಚ್ಚಾರಿತ್ರ್ಯವೆಂದರೆ ಕಳ್ಳತನ, ಕುಡಿತ, ಜಗಳಗಳಿಂದ ದೂರವಿರುವುದಾಗಿದ್ದಿರಬೇಕು. ನಮಗೆ ಅದರ ಜೊತೆಗೆ ಎಷ್ಟು ಸುಡುತ್ತೇವೆ, ಎಷ್ಟು ಚೆಲ್ಲುತ್ತೇವೆ ಎಂಬುದೂ ಸೇರುತ್ತದೆ. ಸೂರಃ ಅರ್‍ರೂಮ್‌ನ 41ನೆಯ ವಚನವು ನೆಲದಲ್ಲೂ ಕಡಲಲ್ಲೂ ತಲೆದೋರಿದ ಕೇಡನ್ನು ಮನುಷ್ಯರ ಕೈಗಳ ಗಳಿಕೆಯೆಂದೇ ಗುರುತಿಸುತ್ತದೆ, ಅದರ ರುಚಿಯನ್ನು ಉಣಿಸುವುದು ಅವರು ಮರಳಲೆಂದು ಎನ್ನುತ್ತದೆ. ಮರಳುವುದು ಎಂಬ ಆ ಪದದಲ್ಲಿ ನನಗೆ ಉಪ್ಪನ ಬೈರಾಸು ಕಾಣುತ್ತದೆ. ಸೂರಃ ಅಲ್ ಮುಅ್‌ಮಿನೂನ್‌ನ 18ನೆಯ ವಚನದಲ್ಲಿ ಅಲ್ಲಾಹನು ನೀರನ್ನು ಒಂದು ಅಳತೆಯಲ್ಲಿ ಇಳಿಸಿ ಭೂಮಿಯಲ್ಲಿ ನೆಲೆಗೊಳಿಸಿದ ಬಗ್ಗೆ ಹೇಳಿ, ಅದನ್ನು ಹಿಂಪಡೆಯಲೂ ತಾನು ಶಕ್ತನೆಂದು ನೆನಪಿಸುತ್ತಾನೆ. ಎಗ್ಗಿಸ್‌ಹಾರ್ನ್‌ನ ಮೇಲೆ ನಿಂತವನು ಆ ವಚನವನ್ನು ಮೊದಲಿನ ಹಾಗೆ ಓದಿ ಮುಂದಕ್ಕೆ ಹೋಗಲಾರ.

ಎಲ್ಲವೂ ಅಲ್ಲಾಹನ ವಿಧಿ, ನಾವೇನು ಮಾಡಲು ಸಾಧ್ಯ ಎಂದು ಕೈಕಟ್ಟಿ ಕೂರುವವರಿದ್ದಾರೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಅದು ಒಪ್ಪುವ ಮಾತಲ್ಲ. ಇನ್ನು ಕೆಲವರು, ವಿಜ್ಞಾನದ ವಿಷಯಕ್ಕೆ ದುಆ ಏಕೆ ಎನ್ನುತ್ತಾರೆ. ದುಆ ಮಾಡುವವನು ತಾನು ಮಾಲಕನಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಮಾಲಕನಲ್ಲವೆಂದು ಒಪ್ಪಿದವನಿಗೆ ಅಮಾನತ್ತಿನ ಭಯ ಬರುತ್ತದೆ. ಆ ಭಯ ಬಾರದ ಕಾರಣವೇ ಜಗತ್ತು ಲೆಕ್ಕಪತ್ರಗಳನ್ನೆಲ್ಲ ಬಲ್ಲರೂ ಬದಲಾಗುತ್ತಿಲ್ಲ. ವಿಶ್ವಸಂಸ್ಥೆಯು 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿತ್ತು. ವರ್ಷ ಮುಗಿದರೂ ಕರಗುವುದು ನಿಲ್ಲಲಿಲ್ಲ.

ಊರಿಗೆ ಬಂದ ಬಳಿಕ ನಾನು ದೊಡ್ಡದೇನನ್ನೂ ಮಾಡಿಲ್ಲ. ಎರಡನೆಯ ಕಾರು ಕೊಳ್ಳುವ ಯೋಚನೆಯನ್ನು ಕೈಬಿಟ್ಟೆ. ಮಸೀದಿಯ ಹವಾನಿಯಂತ್ರಣದ ಬಗ್ಗೆ ಕಮಿಟಿ ಸಭೆ ಸೇರಿದಾಗ, ಮೊದಲು ತಾರಸಿಯ ಮೇಲೆ ಸೌರಫಲಕ ಹಾಕೋಣ, ಪಶ್ಚಿಮದ ಗೋಡೆಗೆ ನೆರಳಾಗುವಂತೆ ಮರ ನೆಡೋಣ ಎಂದೆ. ಕೆಲವರು ಒಪ್ಪಿದರು. ಒಬ್ಬರು ನಗುತ್ತಾ, "ಹಾಜಿಯವರೇ, ನಮ್ಮ ಮಸೀದಿಯ ಒಂದು ಎ.ಸಿ.ಯಿಂದ ಸ್ವಿಟ್ಜರ್ಲೆಂಡಿನ ಹಿಮ ಕರಗುತ್ತದಾ?" ಎಂದು ಕೇಳಿದರು. ಒಂದರಿಂದ ಕರಗುವುದಿಲ್ಲ ಎಂದೆ. ಫೀಶ್‌ನ ಒಬ್ಬನೇ ಹಳ್ಳಿಗನೂ ಒಂಟಿಯಾಗಿ ಪ್ರತಿಜ್ಞೆ ಮಾಡಿರಲಿಲ್ಲ, ಊರೇ ಮಾಡಿತ್ತು ಎಂದೂ ಹೇಳಿದೆ. ವಿಷಯ ಮುಂದಿನ ಸಭೆಗೆ ಹೋಗಿದೆ. ಮರಗಳನ್ನಂತೂ ನೆಟ್ಟಿದ್ದೇವೆ.

ಮೊನ್ನೆ ನೆರೆಮನೆಯ ಹಿರಿಯರೊಬ್ಬರು ತೀರಿಕೊಂಡರು. ಹೊರಗೆ ಬಿಸಿಲು ಕಾಯುತ್ತಿತ್ತು. ಮೂರನೆಯ ತಕ್ಬೀರ್ ಆಗಿ ಆ ದುಆ ಹೇಳುತ್ತಾ ಹೋದೆ. ಐವತ್ತು ವರ್ಷಗಳಿಂದ ಅಭ್ಯಾಸವಾದ ನಾಲಿಗೆ ಸಲೀಸಾಗಿ ಓಡುತ್ತಿತ್ತು. 'ಸಲ್ಜ್' ಎಂಬಲ್ಲಿಗೆ ಬಂದಾಗ ನಿಂತಿತು. ಬೆಟ್ಟಗಳ ನಡುವಿನ ಆ ಬಿಳಿಯ ನದಿ, ಬಂಡೆಯ ಮೇಲಿನ ರೇಖೆ, ನನ್ನ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದ ಮಗು ಕಣ್ಣ ಮುಂದೆ ಬಂದವು. ನಮ್ಮ ಪಾಪಗಳನ್ನು ಯಾವುದರಿಂದ ತೊಳೆಯಬೇಕೆಂದು ನಾವು ಅಲ್ಲಾಹನಲ್ಲಿ ಬೇಡುತ್ತೇವೆಯೋ, ಅದನ್ನೇ ನಮ್ಮ ಕೈಗಳು ಕರಗಿಸುತ್ತಿವೆ. ಅಲ್ಲಾಹನ ಕರುಣೆಯ ಹಿಮಕ್ಕೆ ಕೊರತೆಯಿಲ್ಲ, ಅದು ನಮ್ಮ ಹೊಗೆಗೆ ಕರಗುವಂಥದ್ದಲ್ಲ. ಆದರೆ ಅವನು ಭೂಮಿಯ ಮೇಲಿಟ್ಟ ಹಿಮವನ್ನು ನಾವೇನು ಮಾಡಿದೆವೆಂದು ಅವನು ಕೇಳದಿರಲಾರ.

ಯಾ ಅಲ್ಲಾಹ್, ನಮ್ಮ ಪರಿಸ್ಥಿತಿಯನ್ನು ತಿರುಗಿಸು. ಅದಕ್ಕೂ ಮುನ್ನ ನಾವು ತಿರುಗುವಂತೆ ಮಾಡು. ಆಮೀನ್.